ಚಿಕ್ಕಮಗಳೂರಿನಲ್ಲಿ ಜಾಝ್ ಎಲ್‌ಪಿ (ದೊಡ್ಡ ವಿನೈಲ್ ತಟ್ಟೆ) ಕೂಡಿಡಬೇಕು. ಸದ್ದು ಚೆನ್ನಾಗಿರಬೇಕಾದರೆ ಹಳೆಯ ಮೊದಲ ಪ್ರತಿ ಒಳ್ಳೆಯದಾ, ಹೊಸ ಮುದ್ರಣವಾ?

ಸದ್ದೇ ಮುಖ್ಯ ಅಂದರೆ ಒಳ್ಳೆಯ ಹೊಸ ಮುದ್ರಣ ತಗೊಳ್ಳಿ. ಹಳೆಯದೆಲ್ಲ ಚಿನ್ನ ಅನ್ನೋದು ಸುಮ್ನೆ ಮಾತು. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ಆಲ್ಬಮ್ 'ಕೈಂಡ್ ಆಫ್ ಬ್ಲೂ' ನೋಡಿ. ಮೊದಲ ಬದಿಯ ಮೂರು ಟ್ರ್ಯಾಕ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡುವಾಗ ಟೇಪ್ ಯಂತ್ರ ತುಸು ನಿಧಾನವಾಗಿ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದಾಗ ಎಲ್‌ಪಿಯಲ್ಲಿ ಅವುಗಳ ಶ್ರುತಿ ಸ್ವಲ್ಪ ಏರಿತು. 1992ರ ಸಿಡಿಯಲ್ಲಿ ಇನ್ನೊಂದು ಟೇಪ್ ಬಳಸಿ ಸರಿಪಡಿಸಿದರು. ಅಂದರೆ ದುಬಾರಿ ಮೊದಲ ಪ್ರತಿಯಲ್ಲೇ ತಪ್ಪು ಶ್ರುತಿ! ಸಂಗ್ರಹದ ಹುಚ್ಚಿದ್ದರೆ ಬೇರೆ ಮಾತು.

ಬ್ಲೂ ನೋಟ್ ಎಂಬ ಜಾಝ್ ಕಂಪನಿಯ ಹಳೆಯ ಎಲ್‌ಪಿ ಸಿಕ್ಕರೆ ನಡುವಿನ ಲೇಬಲ್ ಸುತ್ತಲಿನ ಖಾಲಿ ಜಾಗ ನೋಡಿ. ಅಲ್ಲಿ 'ಆರ್‌ವಿಜಿ' ಗುರುತಿದ್ದರೆ ಹೆಸರಾಂತ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಕೈಕೆಲಸ. ಅದನ್ನು ಬಿಡಬೇಡಿ.

ನಮ್ಮ ಕಡೆ ಇದಕ್ಕಿಂತ ಜಾಸ್ತಿ ಕಾಡೋದು ಮಳೆಗಾಲದ ಥಂಡಿ, ಅಲ್ವಾ? ಕಾಗದದ ಒಳಚೀಲ ತೇವ ಹೀರಿ ಬೂಷ್ಟು ಹಿಡಿಯುತ್ತದೆ, ಆಮೇಲೆ ಚಟಪಟ ಸದ್ದು. ಪ್ಲಾಸ್ಟಿಕ್ ಪದರವಿರುವ ಒಳಚೀಲ ಹಾಕಿ. ಗೋಡೆಗೆ ತಾಗಿಸದೆ ನೆಟ್ಟಗೆ ನಿಲ್ಲಿಸಿ. ಪಕ್ಕದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಡಿ. ಬೂಷ್ಟು ಬಂದರೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯಿರಿ. ಅಜ್ಜನ ಕಾಲದ, ಅರಗಿನಿಂದ ಮಾಡಿದ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು) ತಟ್ಟೆಗೆ ಮಾತ್ರ ಸ್ಪಿರಿಟ್ ಮುಟ್ಟಿಸಬೇಡಿ, ಅರಗು ಕರಗುತ್ತದೆ.