ಮೋಟರ್‌ಹೋಮಿನಲ್ಲಿ ಯೂರೋಪ್: ನೀವು ಕೇಳಿದ್ದಿರಿ

ಹೋದ ಸಂಚಿಕೆಯಲ್ಲಿ ನಮ್ಮ ಮೋಟರ್‌ಹೋಮಿನಲ್ಲಿ, ಅಂದರೆ ಮಂಚ, ಒಲೆ, ಟಾಯ್ಲೆಟ್ ಎಲ್ಲ ಒಳಗೇ ಇರುವ ಗಾಡಿಯಲ್ಲಿ, ಆಲ್ಪ್ಸ್ ದಾಟಿ ಇಟಲಿಗೆ ಇಳಿದ ಬಗ್ಗೆ ಬರೆದಿದ್ದೆ. ಬೆಟ್ಟ, ಸರೋವರದ ಬಗ್ಗೆ ಕೇಳಿದವರು ಕಡಿಮೆ, ಲೈಸೆನ್ಸು, ಟೋಲು, ಟಾಯ್ಲೆಟ್ಟಿನ ಬಗ್ಗೆ ಕೇಳಿದವರೇ ಹೆಚ್ಚು. ನಮ್ಮದು ಎಂಟೂವರೆ ಮೀಟರ್ ಉದ್ದ, 3.2 ಮೀಟರ್ ಎತ್ತರ, ಐದೂವರೆ ಟನ್ನಿನ ಗಾಡಿ. ಇವೆಕೊ ಡೈಲಿ ಷಾಸಿ, ಹಿಂದೆ ಜೋಡಿ ಚಕ್ರ, ಜರ್ಮನಿಯ ನೋಂದಣಿ. ನಾನೂ ನಮ್ಮ ಯಜಮಾನರೂ ಸರದಿ ಮೇಲೆ ಓಡಿಸುತ್ತೇವೆ.

ಪ್ರ: ನಮ್ಮ ಬಳಿ ಜರ್ಮನಿಯ ಕಾರ್ ಲೈಸೆನ್ಸ್ ಇದೆ. ಏಳೂವರೆ ಮೀಟರಿನ ಮೋಟರ್‌ಹೋಮ್ ಬಾಡಿಗೆಗೆ ನೋಡಿದ್ದೇವೆ. ಅಷ್ಟುದ್ದದ್ದನ್ನು ಓಡಿಸಬಹುದಾ?

ಉ: ಲೈಸೆನ್ಸಿಗೆ ಉದ್ದದ ಲೆಕ್ಕ ಬೇಡ, ತೂಕದ ಲೆಕ್ಕ ಬೇಕು. ಕಾರಿನ ಬಿ ದರ್ಜೆಯಲ್ಲಿ 3,500 ಕೆಜಿ ತನಕ ಓಡಿಸಬಹುದು. ಅದರ ಮೇಲೆ 7,500 ಕೆಜಿ ತನಕ ಸಿ1 ಬೇಕು. ಇಲ್ಲಿ ನೋಡುವುದು ಗಾಡಿ ಈಗ ಎಷ್ಟು ತೂಗುತ್ತದೆ ಅನ್ನುವುದನ್ನಲ್ಲ, ಕಾಗದದಲ್ಲಿ ಎಷ್ಟಕ್ಕೆ ಅನುಮತಿ ಇದೆ ಅನ್ನುವುದನ್ನು. ನೋಂದಣಿ ಪತ್ರದಲ್ಲಿ ಎಫ್.1, ಎಫ್.2 ಅನ್ನುವ ಮನೆಗಳಿವೆ, ಅಲ್ಲಿ ಬರೆದಿರುತ್ತದೆ. ಬಾಡಿಗೆ ಗಾಡಿಗಳಲ್ಲಿ ಬಹುಪಾಲು 3,500ಕ್ಕೇ ನೋಂದಾಯಿಸಿರುತ್ತಾರೆ, ಆದ್ದರಿಂದ ನೀವು ಓಡಿಸಬಹುದು.

ತಾಪತ್ರಯ ಶುರುವಾಗುವುದು ಆಮೇಲೆ. ಅದೇ ಪತ್ರದ 'ಜಿ' ಮನೆಯಲ್ಲಿ ಗಾಡಿ ಓಡಲು ಸಿದ್ಧವಾದಾಗಿನ ತೂಕ ಇದೆ. ಉದಾಹರಣೆಗೆ 3,100 ಅಂದುಕೊಳ್ಳಿ. ಅದರಲ್ಲಿ ಚಾಲಕನಿಗೆ 75 ಕೆಜಿ ಆಗಲೇ ಸೇರಿದೆ, ಡೀಸೆಲ್ಲೂ ಸೇರಿದೆ. ನಿಮಗೆ ಉಳಿದದ್ದು 400. ಇನ್ನು ಮೂವರು ಹತ್ತಿದರೆ 225 ಹೋಯಿತು. ಎರಡು ಎಲೆಕ್ಟ್ರಿಕ್ ಸೈಕಲ್ ಅಂದರೆ 50. ನೀರಿನ ಟ್ಯಾಂಕಿಗೆ ಬಹಳ ಕಂಪನಿಯವರು 'ಓಡುವಾಗ 20 ಲೀಟರ್' ಅಂತ ಲೆಕ್ಕ ಹಾಕಿರುತ್ತಾರೆ. ನೀವು 120 ಲೀಟರ್ ತುಂಬಿಸಿದಿರಿ ಅಂದರೆ ಇನ್ನೂ 100 ಕೆಜಿ. ಉಳಿದ 25 ಕೆಜಿಯಲ್ಲಿ ನಾಲ್ಕು ಜನರ ಬಟ್ಟೆ, ಹಾಸಿಗೆ, ಪಾತ್ರೆ, ಮಡಿಚುವ ಕುರ್ಚಿ, ಅಕ್ಕಿಚೀಲ! ಸಾಧ್ಯವೇ ಇಲ್ಲ. ಹೊರಡುವ ದಿನ ಎಲ್ಲ ತುಂಬಿ, ಎಲ್ಲರೂ ಕೂತು, ಸಾರ್ವಜನಿಕ ತೂಕದ ಕಟ್ಟೆಗೆ ಹೋಗಿ ತೂಗಿಸಿ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಪೊಲೀಸರು ಹೆಚ್ಚು ತೂಕ ಹಿಡಿದರೆ ದಂಡ ಕಟ್ಟಿಸಿಕೊಂಡು ಸುಮ್ಮನಾಗುವುದಿಲ್ಲ, ಹೆಚ್ಚಿದ್ದನ್ನು ಇಳಿಸಿ ಮುಂದೆ ಹೋಗಿ ಅನ್ನುತ್ತಾರೆ. ಅತ್ತೆಯವರನ್ನು ಇಳಿಸುವುದೋ ಸೈಕಲ್ ಇಳಿಸುವುದೋ ಅನ್ನುವ ಚರ್ಚೆ ರಸ್ತೆ ಬದಿಯಲ್ಲಿ ಬೇಡ.

ಪ್ರ: 3.5 ಟನ್ ದಾಟಿದರೆ ಖರ್ಚು ಬಹಳವೇ?

ಉ: ಖರ್ಚಿಗಿಂತ ತಲೆಬಿಸಿ ಹೆಚ್ಚು. ಒಂದೊಂದು ದೇಶ ಒಂದೊಂದು ಆಟ ಆಡಿಸುತ್ತದೆ.

ಆಸ್ಟ್ರಿಯಾದಲ್ಲಿ ಸಣ್ಣ ಗಾಡಿಯವರು ಹೆದ್ದಾರಿಗೆ ವಿಗ್ನೆಟ್ (ಇಷ್ಟು ದಿನಕ್ಕೆ ಅಂತ ಮೊದಲೇ ಕೊಳ್ಳುವ ಟೋಲ್ ಚೀಟಿ) ತಗೊಂಡು ಮರೆತುಬಿಡಬಹುದು. ನಮ್ಮಂಥವರಿಗೆ ಗೋ-ಬಾಕ್ಸ್. ಅಂಗೈ ಅಗಲದ ಡಬ್ಬಿ, ಗಾಜಿಗೆ ಒಳಗಿನಿಂದ ಅಂಟಿಸಬೇಕು. ಹೆದ್ದಾರಿಯ ಪ್ರತಿ ಕಮಾನಿನ ಕೆಳಗೆ ಹೋದಾಗಲೂ ಪೀಂ ಅನ್ನುತ್ತದೆ. ಒಂದು ಸಲ ಕೂಗಿದರೆ ದುಡ್ಡು ಕಡಿದುಕೊಂಡಿತು ಅಂತ ಅರ್ಥ. ಎರಡು ಸಲ ಕೂಗಿದರೆ ಮುಂಗಡದ ದುಡ್ಡು ಮುಗಿಯುತ್ತ ಬಂದಿದೆ. ನಾಲ್ಕು ಸಲ ಕೂಗಿದರೆ ಟೋಲ್ ಕಡಿದಿಲ್ಲ, ತಕ್ಷಣ ಹತ್ತಿರದ ಮಾರಾಟ ಕೇಂದ್ರಕ್ಕೆ ಹೋಗಿ ಸರಿಮಾಡಿಸಿಕೊಳ್ಳಬೇಕು. ಹೀಗಾಗಿ ಆಸ್ಟ್ರಿಯಾದಲ್ಲಿ ನಮ್ಮ ಗಾಡಿಯೊಳಗೆ ಹಾಡು ಹಾಕುವುದಿಲ್ಲ, ಕಿವಿಯೆಲ್ಲ ಡಬ್ಬಿಯ ಮೇಲೆ.

ದುಬಾರಿ ಸ್ವಿಟ್ಜರ್ಲೆಂಡಿನಲ್ಲಿ ಮಾತ್ರ ಒಂದು ತಮಾಷೆ ಇದೆ. ಸಣ್ಣ ಗಾಡಿಗೆ ವರ್ಷದ ವಿಗ್ನೆಟ್ಟೇ ಗತಿ, 40 ಫ್ರಾಂಕ್. ದೊಡ್ಡ ಮೋಟರ್‌ಹೋಮಿಗೆ ದಿನಕ್ಕೆ 3.25 ಫ್ರಾಂಕ್, ಕನಿಷ್ಠ 25. ಒಂದು ವಾರ ಸುತ್ತಿ ಹೊರಬಿದ್ದರೆ ಐದೂವರೆ ಟನ್ನಿನವರೇ ಅಗ್ಗದಲ್ಲಿ ಪಾರು. ಆದರೆ ಈ ತೆರಿಗೆ ಹೆದ್ದಾರಿಗೆ ಮಾತ್ರ ಅಲ್ಲ, ಎಲ್ಲ ರಸ್ತೆಗೂ. ಗಡಿ ದಾಟುವ ಮೊದಲೇ ಕಟ್ಟಿಬಿಡಿ.

ಫ್ರಾನ್ಸಿನ ಟೋಲ್‌ಗೇಟಿನಲ್ಲಿ 3 ಮೀಟರ್ ಎತ್ತರ ಅಥವಾ 3.5 ಟನ್, ಎರಡರಲ್ಲಿ ಒಂದು ದಾಟಿದರೂ ಮೂರನೇ ದರ್ಜೆ. ಅಂದರೆ ಹಗುರ ಗಾಡಿಯ ಚಾವಣಿ ಮೇಲೆ ಏಸಿ, ಡಿಷ್ ಕೂರಿಸಿ ಎತ್ತರ ಬೆಳೆಸಿಕೊಂಡರೂ ಲಾರಿಯ ಸಾಲಿಗೆ ಸೇರಿದಿರಿ. ಭಾರದ ಗಾಡಿಯವರು 2021ರಿಂದ ಮೂರು ಕಡೆಯೂ 'ಇಲ್ಲಿ ನಿಂತರೆ ಚಾಲಕನಿಗೆ ಕಾಣುವುದಿಲ್ಲ' ಅನ್ನುವ ಎಚ್ಚರಿಕೆ ಸ್ಟಿಕ್ಕರ್ ಅಂಟಿಸಲೇಬೇಕು. ಜರ್ಮನಿಯಲ್ಲಿ ಮೋಟರ್‌ಹೋಮಿಗೆ ಟೋಲ್ ಇಲ್ಲ. ಆದರೆ 3.5 ಟನ್ ದಾಟಿದವರಿಗೆ ವೇಗದ ಮಿತಿ ಇದೆ: ಆಟೊಬಾನ್ ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ., ಬೇರೆ ಹೊರವಲಯದ ರಸ್ತೆಗಳಲ್ಲಿ 80. ಲಾರಿಗಳಿಗೆ ಓವರ್‌ಟೇಕ್ ನಿಷೇಧ ಅನ್ನುವ ಫಲಕ ನಮಗೂ ಅನ್ವಯ. ಗಂಟೆಗಟ್ಟಲೆ ಲಾರಿಯ ಬೆನ್ನು ನೋಡುವ ಯೋಗ. ನಮ್ಮ ಯಜಮಾನರಿಗೆ ಈ ಒಂದು ಫಲಕದ ಮೇಲಿರುವ ಸಿಟ್ಟು ಇನ್ಯಾವುದರ ಮೇಲೂ ಇಲ್ಲ.

ಪ್ರ: ಸಮುದ್ರ ತೀರದಲ್ಲಿ, ಕಾಡಿನ ಅಂಚಿನಲ್ಲಿ ನಿಲ್ಲಿಸಿ ಮಲಗಬಹುದಾ? ಇಂಟರ್ನೆಟ್ಟಿನ ಫೋಟೋಗಳಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ.

ಉ: ಫೋಟೋ ತೆಗೆದು ಆಮೇಲೆ ಎಲ್ಲಿ ಹೋಗಿ ಮಲಗಿದರು ಅಂತ ಅವರು ಹೇಳುವುದಿಲ್ಲ.

ಕ್ರೊಯೇಷಿಯಾದಲ್ಲಿ ಗೊತ್ತುಮಾಡಿದ ಜಾಗ ಬಿಟ್ಟು ಬೇರೆಡೆ ಮಲಗುವಂತಿಲ್ಲ. ಪೋರ್ಚುಗಲ್‌ನಲ್ಲಿ 2021ರಲ್ಲಿ ಪೂರ್ತಿ ಬಿಗಿ ಮಾಡಿ, ಆಮೇಲೆ ಸಡಿಲಿಸಿದರು. ಈಗ ಒಂದು ಪುರಸಭೆಯ ವ್ಯಾಪ್ತಿಯಲ್ಲಿ 48 ಗಂಟೆ, ಸಂರಕ್ಷಿತ ತೀರಗಳಲ್ಲಿ ಅದೂ ಇಲ್ಲ. ನಾರ್ವೆಯಲ್ಲಿ ಎಲ್ಲರಿಗೂ ಪ್ರಕೃತಿಯ ಹಕ್ಕಿದೆ ಅಂತ ಓದಿ ಗಾಡಿ ನುಗ್ಗಿಸಬೇಡಿ, ಆ ಹಕ್ಕು ಕಾಲಿಗೆ ಮತ್ತು ಡೇರೆಗೆ, ಚಕ್ರಕ್ಕಲ್ಲ. ಜರ್ಮನಿಯಲ್ಲಿ ದಣಿದ ಚಾಲಕ ಪಾರ್ಕಿಂಗಿನಲ್ಲಿ ಒಂದು ರಾತ್ರಿ ಮಲಗಿ ಸುಧಾರಿಸಿಕೊಳ್ಳಬಹುದು. ಕುರ್ಚಿ ಹೊರಗೆ ಹಾಕಿದಿರೋ, ಅದು ನಿದ್ದೆಯಲ್ಲ, ಬಿಡಾರ. ಸ್ಪೇನಿನಲ್ಲೂ ಸುಮಾರು ಇದೇ ನ್ಯಾಯ: ಚಕ್ರ ಬಿಟ್ಟು ಬೇರೇನೂ ನೆಲ ಮುಟ್ಟಬಾರದು, ಬಿಸಿಲು ಮರೆ ಬಿಚ್ಚಬಾರದು.

ನನ್ನ ಕೇಳಿದರೆ ಕದ್ದುಮುಚ್ಚಿ ಮಲಗುವ ಅಗತ್ಯವೇ ಇಲ್ಲ. ಜರ್ಮನಿಯ ಸಣ್ಣಸಣ್ಣ ಊರುಗಳಲ್ಲೂ ಸ್ಟೆಲ್‌ಪ್ಲಾಟ್ಸ್ ಇದೆ, ಫ್ರಾನ್ಸಿನಲ್ಲಿ 'ಏರ್' ಇದೆ, ಎರಡೂ ಮೋಟರ್‌ಹೋಮ್ ನಿಲ್ಲಿಸಿ ರಾತ್ರಿ ಕಳೆಯಲೆಂದೇ ಮಾಡಿದ ಜಾಗ. ಫ್ರಾನ್ಸಿನ ಹಳ್ಳಿಯ ಏರ್ ಅಂದರೆ ಹೀಗೆ: ಚರ್ಚಿನ ಹಿಂದೆಯೋ ಆಟದ ಮೈದಾನದ ಪಕ್ಕವೋ ಜಲ್ಲಿ ಹಾಸಿದ ಜಾಗ, ಮೂಲೆಯಲ್ಲಿ ಸೊಂಟದೆತ್ತರದ ಲೋಹದ ಕಂಬ. ಕಾಸಿನ ಬದಲು ಒಂದು ಬಿಲ್ಲೆ ಹಾಕಿದರೆ ನೀರು ಬರುತ್ತದೆ, ಆ ಬಿಲ್ಲೆ ಸಿಗುವುದು ಬ್ರೆಡ್ ಅಂಗಡಿಯಲ್ಲೋ ಪ್ರವಾಸಿ ಕಚೇರಿಯಲ್ಲೋ. ಮಧ್ಯಾಹ್ನ ಅಂಗಡಿ ಮುಚ್ಚಿದ್ದರೆ ಕಾಯುತ್ತ ಕೂರಬೇಕು. ಅಲ್ಲೇ ಫ್ರಾನ್ಸ್ ಪ್ಯಾಸಿಯೋಂ ಅಂತ ಒಂದು ಸದಸ್ಯತ್ವ ವ್ಯವಸ್ಥೆಯೂ ಇದೆ. ದ್ರಾಕ್ಷಿ ತೋಟದವರು, ಚೀಸ್ ಮಾಡುವವರು ತಮ್ಮ ಅಂಗಳದಲ್ಲಿ 24 ಗಂಟೆ ಬಿಟ್ಟಿಯಾಗಿ ನಿಲ್ಲಲು ಬಿಡುತ್ತಾರೆ. ಕೊಳ್ಳಲೇಬೇಕು ಅಂತಿಲ್ಲ, ಆದರೆ ಬಂದಾಗಲೂ ಹೊರಡುವಾಗಲೂ ಮನೆಯವರನ್ನು ಮಾತಾಡಿಸಬೇಕು.

ಹೆದ್ದಾರಿಯ ಸರ್ವಿಸ್ ಏರಿಯಾದಲ್ಲಿ ಮಾತ್ರ ರಾತ್ರಿ ಕಳೆಯಬೇಡಿ. ಕಳ್ಳರಿಗೆ ಅದೇ ಮೇವಿನ ಜಾಗ.

ಪ್ರ: ಮೇಡಂ, ಕೇಳಲು ಸಂಕೋಚ. ಟಾಯ್ಲೆಟ್?

ಉ: ಸಂಕೋಚ ಎರಡನೇ ದಿನಕ್ಕೆ ಹೋಗುತ್ತದೆ. ಕಮೋಡಿನ ಕೆಳಗೆ ಹದಿನೆಂಟಿಪ್ಪತ್ತು ಲೀಟರಿನ ಕ್ಯಾಸೆಟ್ ಇರುತ್ತದೆ. ಹೊರಗಿನಿಂದ ಸಣ್ಣ ಬಾಗಿಲು ತೆಗೆದು ಎಳೆದುಕೊಳ್ಳುವುದು, ಸೂಟ್‌ಕೇಸಿನ ಹಾಗೆ ಚಕ್ರ ಇರುತ್ತದೆ. ಇಬ್ಬರಿಗೆ ಎರಡು ಮೂರು ದಿನ ಸಾಕು. ಏರ್, ಸ್ಟೆಲ್‌ಪ್ಲಾಟ್ಸ್, ಕ್ಯಾಂಪಿಂಗ್ ತಾಣ ಎಲ್ಲ ಕಡೆ ಸುರಿಯುವ ಗುಂಡಿ ಇದೆ. ಚರಂಡಿಗೆ, ಪೊದೆಗೆ ಸುರಿಯುವುದು ಅಪರಾಧ.

ನಾನು ಹೇಳಬೇಕಾದ್ದು ಇನ್ನೊಂದು. ಕ್ಯಾಸೆಟ್ ತೊಳೆಯುವ ನಲ್ಲಿಯೇ ಬೇರೆ, ಕುಡಿಯುವ ನೀರಿನ ನಲ್ಲಿಯೇ ಬೇರೆ. ಎರಡೂ ಒಂದೇ ಕಂಬದಲ್ಲಿ ಮೊಳ ಅಂತರದಲ್ಲಿ ಇರಬಹುದು. ಕುಡಿಯುವ ನಲ್ಲಿಯ ಬಾಯಿಗೆ ಕ್ಯಾಸೆಟ್ ಹಿಡಿದು ತೊಳೆದು ಹೋಗುವ ಪುಣ್ಯಾತ್ಮರನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಾನು ನಲ್ಲಿಯ ಬಾಯನ್ನು ಸೋಂಕುನಾಶಕದಿಂದ ಒರೆಸಿ, ಒಂದು ನಿಮಿಷ ನೀರು ಹರಿಯಬಿಟ್ಟು, ಆಮೇಲೆ ನಮ್ಮದೇ ಪೈಪ್ ಸಿಕ್ಕಿಸುತ್ತೇನೆ. ನಲ್ಲಿಯ ತಿರುಪಿನ ಅಳತೆ ಊರೂರಿಗೆ ಬೇರೆ, ಮೂರ್ನಾಲ್ಕು ಅಳತೆಯ ಜೋಡಣೆ ಇಟ್ಟುಕೊಳ್ಳಿ.

ಪ್ರ: ಇಟಲಿಯ ವೆನಿಸ್, ಫ್ಲಾರೆನ್ಸ್, ಅಮಾಲ್ಫಿ ನೋಡಬೇಕು. ದೊಡ್ಡ ಗಾಡಿ ಒಳಗೆ ಹೋಗುತ್ತದಾ?

ಉ: ಹೋಗುವುದಿಲ್ಲ, ಹೋಗಲೂ ಬಾರದು. ದೊಡ್ಡ ಗಾಡಿಯವರು ಕಲಿಯಬೇಕಾದ ವಿದ್ಯೆ ಇದೊಂದೇ: ಊರ ಹೊರಗೆ ನಿಲ್ಲಿಸುವುದು. ಊರನ್ನು ಹೊರಗಿನಿಂದ ನೋಡಿ, ಯಾವ ಟ್ರಾಮ್, ಯಾವ ದೋಣಿ ಒಳಗೆ ಹೋಗುತ್ತದೆ ಅಂತ ಮೊದಲು ಹುಡುಕುವುದು, ಗಾಡಿಯ ಜಾಗ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ವೆನಿಸಿಗೆ ಫುಸೀನಾದಲ್ಲಿ ನಿಲ್ಲಿಸಿ. ಕ್ಯಾಂಪಿಂಗ್ ನೀರಿನ ಅಂಚಿನಲ್ಲೇ ಇದೆ, ಪಕ್ಕದಿಂದ ದೋಣಿ ಹತ್ತಿದರೆ ಝಾತ್ತೆರೆ ದಂಡೆಯಲ್ಲಿ ಇಳಿಸುತ್ತದೆ. ಫ್ಲಾರೆನ್ಸಿಗೆ ಎ1 ಹೆದ್ದಾರಿಯಿಂದಲೇ ನೇರವಾಗಿ ನುಗ್ಗುವ ವಿಲ್ಲಾ ಕೊಸ್ತಾಂಝಾ ಪಾರ್ಕಿಂಗ್ ಇದೆ. ಊರಿನ ರಸ್ತೆ ಮುಟ್ಟುವುದೇ ಬೇಡ, ಅಲ್ಲಿಂದ ಟಿ1 ಟ್ರಾಮ್ ಊರ ನಡುವಿನ ರೈಲು ನಿಲ್ದಾಣದ ಬಳಿ ಬಿಡುತ್ತದೆ. ಅಮಾಲ್ಫಿಯ ಕರಾವಳಿ ರಸ್ತೆಯಲ್ಲಿ ಕ್ಯಾಂಪರ್‌ಗಳಿಗೆ ನಿರ್ಬಂಧ ಇದೆ. ಇಲ್ಲದಿದ್ದರೂ ಎದುರಿನಿಂದ ಬಸ್ಸು ಬಂದಾಗ ನಿಮ್ಮ ಕನ್ನಡಿ ಎಲ್ಲಿಟ್ಟುಕೊಳ್ಳುತ್ತೀರಿ? ಸಲೆರ್ನೊದಲ್ಲಿ ಬಿಟ್ಟು ದೋಣಿಯಲ್ಲಿ ಹೋಗಿ. ಆ ಬೆಟ್ಟಸಾಲು ನೀರಿನ ಮೇಲಿಂದ ಕಾಣುವಷ್ಟು ರಸ್ತೆಯಿಂದ ಕಾಣುವುದೂ ಇಲ್ಲ.

ಇಟಲಿಯ ಹಳೇ ಪೇಟೆಗಳ ಬಾಯಲ್ಲಿ ಝಡ್‌ಟಿಎಲ್ (ವಾಹನ ಸಂಚಾರಕ್ಕೆ ನಿರ್ಬಂಧವಿರುವ ವಲಯ) ಅನ್ನುವ ಕೆಂಪು ವೃತ್ತದ ಫಲಕ ಇರುತ್ತದೆ. ದಾಟಿದರೆ ಕ್ಯಾಮೆರಾ ನಂಬರ್ ಹಿಡಿಯುತ್ತದೆ. ದಂಡದ ಕಾಗದ ತಿಂಗಳುಗಳ ಮೇಲೆ ಬರುತ್ತದೆ, ಬಾಡಿಗೆ ಗಾಡಿಯಾದರೆ ಕಂಪನಿಯ ಕಾಗದಪತ್ರದ ಕೆಲಸದ ಶುಲ್ಕವನ್ನೂ ಸೇರಿಸಿಕೊಂಡು.

ಪ್ರ: ಇಟಲಿಯ ಆಲ್ಪ್ಸ್‌ನ ಸ್ಟೆಲ್ವಿಯೊ ಕಣಿವೆ ದಾರಿ ಹತ್ತಬಹುದಾ?

ಉ: ಬೇಡ. 2,757 ಮೀಟರ್ ಎತ್ತರ, ಪ್ರಾತೊ ಕಡೆಯಿಂದ 48 ಹೇರ್‌ಪಿನ್ ತಿರುವು. ಎಂಟು ಮೀಟರಿನ ಗಾಡಿಗೆ ಕೆಲವು ತಿರುವಿನಲ್ಲಿ ಹಿಂದೆ ಮುಂದೆ ಮಾಡಿಯೇ ತಿರುಗಬೇಕು, ಹಿಂದೆ ನಲವತ್ತು ಮೋಟರ್‌ಸೈಕಲ್ ಹಾರ್ನ್ ಹೊಡೆಯುತ್ತಿರುತ್ತವೆ. ಎತ್ತರದ ಆಸೆ ಇದ್ದರೆ ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ರಸ್ತೆಗೆ ಹೋಗಿ. 1935ರಲ್ಲಿ ತೆರೆದದ್ದು, ಹೋಖ್‌ಟೋರ್ ಬಳಿ 2,504 ಮೀಟರ್. ಅಗಲ ಇದೆ, ತಿರುವುಗಳು ಸಭ್ಯ, ಏರು ಶೇ. 12 ದಾಟುವುದಿಲ್ಲ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ, ಹತ್ತಿದ ಗೇರಿಗಿಂತ ಒಂದು ಕಡಿಮೆ ಗೇರಿನಲ್ಲಿ ಎಂಜಿನ್ನೇ ಹಿಡಿಯಲಿ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಣಿಯಲು ಬಿಡಿ. ಚಕ್ರಕ್ಕೆ ನೀರು ಹೊಯ್ಯಬೇಡಿ.

ಪ್ರ: ನಮ್ಮವರು ಓಡಿಸುತ್ತಾರೆ. ಪಕ್ಕದಲ್ಲಿ ಕೂತ ನನ್ನ ಕೆಲಸ ಏನು?

ಉ: ನೀವೂ ಓಡಿಸುವುದು ಕಲಿಯಿರಿ, ಅದು ಮೊದಲ ಉತ್ತರ.

ಎರಡನೆಯದು: ಹಿಂದಿನ ಚಕ್ರದಿಂದ ಆಚೆಗೆ ಎರಡು ಮೀಟರಿಗೂ ಮೀರಿ ಗಾಡಿ ಬಾಲದ ಹಾಗೆ ಚಾಚಿಕೊಂಡಿರುತ್ತದೆ. ಮೂತಿ ಎಡಕ್ಕೆ ತಿರುಗಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ಕಂಬಕ್ಕೆ ಒತ್ತಿ ನಿಲ್ಲಿಸಿ ಹೊರಡುವಾಗ ಒಮ್ಮೆಗೇ ಆಚೆ ತಿರುಗಿಸಿದರೆ ಮುಗಿಯಿತು, ಕಂಬ ಸೀಳುವುದು ಹಿಂಬದಿಯ ಮೂಲೆಯನ್ನು. ಚಾಲಕನ ಕಣ್ಣು ಮುಂದೆ ಇರುತ್ತದೆ, ಬಾಲ ಕಾಯುವವರು ನೀವು. ಹಿಂದಕ್ಕೆ ಹಾಕುವಾಗ ಇಳಿದು, ಅವರ ಕನ್ನಡಿಯಲ್ಲಿ ನಿಮ್ಮ ಮುಖ ಕಾಣುವ ಕಡೆ ನಿಲ್ಲಿ. ನಿಮಗೆ ಅವರ ಕನ್ನಡಿ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ. 'ಬಾ ಬಾ ಬಾ' ಅನ್ನುವುದು ಸಂಜ್ಞೆಯಲ್ಲ. ಅಂಗೈ ಎತ್ತಿದರೆ ನಿಲ್ಲಬೇಕು, ಯಾಕೆ ಅಂತ ಕೇಳಬಾರದು. ಇದನ್ನು ಮನೆಯಲ್ಲೇ ಮಾತಾಡಿಕೊಂಡು ಹೊರಡಿ.

ಪ್ರ: ಅಡುಗೆಗೆ ಗ್ಯಾಸ್ ಎಲ್ಲಾ ದೇಶದಲ್ಲೂ ಸಿಗುತ್ತದಾ?

ಉ: ಸಿಗುತ್ತದೆ, ಆದರೆ ಜರ್ಮನಿಯ ಸಿಲಿಂಡರನ್ನು ಸ್ಪೇನಿನಲ್ಲಿ ಬದಲಿಸಿ ಕೊಡುವುದಿಲ್ಲ. ನಿರಂತರ ಓಡಾಡುವವರು ತುಂಬಿಸಿಕೊಳ್ಳುವ ಟ್ಯಾಂಕ್ ಹಾಕಿಸಿಕೊಂಡು ಬಂಕಿನಲ್ಲಿ ಎಲ್‌ಪಿಜಿ ಹಿಡಿಯುತ್ತಾರೆ. ಅಲ್ಲಿಯೂ ಯೂರೋಪಿನಲ್ಲಿ ನಾಲ್ಕು ಬಗೆಯ ಮೂತಿ, ನಾಲ್ಕರ ಜೋಡಣೆಯೂ ಡಬ್ಬಿಯಲ್ಲಿರಲಿ. ಚಳಿಗೆ ಪ್ರೊಪೇನ್ ಬೇಕು. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ, ಒಲೆ ಆರುತ್ತದೆ.

ಕರೆಂಟಿನ ಬಗ್ಗೆಯೂ ಒಂದು ಮಾತು. ಕ್ಯಾಂಪಿಂಗಿನ ನೀಲಿ ಪ್ಲಗ್ 16 ಆಂಪಿಯರಿನದಾದರೂ ಹಳೇ ಕ್ಯಾಂಪಿಂಗ್‌ಗಳಲ್ಲಿ ಕೊಡುವುದು 6 ಆಂಪಿಯರ್ ಇರಬಹುದು, ಅಂದರೆ 1,380 ವಾಟ್. ಎರಡು ಸಾವಿರ ವಾಟಿನ ಕೆಟಲ್ ಹಾಕಿದರೆ ಟ್ರಿಪ್ ಆಗುತ್ತದೆ. ಬೆಳಗಿನ ಕಾಫಿಗೆ ಗ್ಯಾಸ್ ಒಲೆಯೇ ವಾಸಿ.

ಪ್ರ: ಗಾಡಿ ಇದ್ದರೆ ಆರು ತಿಂಗಳು ಸುತ್ತಬಹುದಲ್ಲವೇ?

ಉ: ಗಾಡಿ ಸುತ್ತಬಹುದು, ನೀವಲ್ಲ. ಯೂರೋಪಿನ ನಿವಾಸ ಪರವಾನಗಿ ಇಲ್ಲದವರಿಗೆ ಒಂದೇ ವೀಸಾದಲ್ಲಿ ಹಲವು ದೇಶ ಓಡಾಡುವ ಷೆಂಗೆನ್ ವಲಯದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ, ಅದೂ ವೀಸಾ ಅಷ್ಟು ಕೊಟ್ಟಿದ್ದರೆ. ಹಿಂದೆಲ್ಲ ಜನ ಕ್ರೊಯೇಷಿಯಾಕ್ಕೆ ಹೋಗಿ ದಿನ ಕಳೆದು ಬರುತ್ತಿದ್ದರು. 2023ರ ಜನವರಿ 1ರಿಂದ ಅದೂ ಷೆಂಗೆನ್. ರೊಮೇನಿಯಾ, ಬಲ್ಗೇರಿಯಾಗಳ ರಸ್ತೆ ಗಡಿಗಳೂ 2025ರ ಆರಂಭದಿಂದ ಸೇರಿವೆ. ಆಲ್ಬೇನಿಯಾ, ಮಾಂಟೆನೆಗ್ರೊ ಹೊರಗಿವೆ. ಹೋಗುವುದಾದರೆ ಗಾಡಿಯ ವಿಮೆ ಅಲ್ಲಿಗೂ ಅನ್ವಯಿಸುತ್ತದಾ ನೋಡಿ, ವೀಸಾ ನಿಯಮವನ್ನೂ ನೋಡಿ.

ಪ್ರ: ನಾವಿಬ್ಬರೇ. ನಿಮ್ಮಷ್ಟು ದೊಡ್ಡದೇ ಕೊಳ್ಳಬೇಕಾ?

ಉ: ವರ್ಷಕ್ಕೆ ತಿಂಗಳೊಪ್ಪತ್ತು ಸುತ್ತುವವರಿಗೆ ಬೇಡ. ಆರು ಮೀಟರಿನ ವ್ಯಾನ್ ಸಾಕು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್ ಸೇತುವೆಯಲ್ಲಿ 6 ಮೀಟರ್ ದಾಟಿದ ಕೂಡಲೇ ದರ ಏರುತ್ತದೆ, ದೋಣಿಗಳಲ್ಲೂ ಉದ್ದಕ್ಕೆ ತಕ್ಕ ದುಡ್ಡು. ನಾವು ದೊಡ್ಡದು ಇಟ್ಟುಕೊಂಡದ್ದು ವರ್ಷದ ಬಹುಭಾಗ ಅದರಲ್ಲೇ ಇರುತ್ತೇವೆ ಅಂತ. ಬೆನ್ನು ನೋವಿನವರಿಗೆ ಏಣಿ ಹತ್ತದೆ ಮಲಗುವ ಮಂಚ ಬೇಕು, ಬೇರೆ ಸ್ನಾನದ ಕೋಣೆ ಬೇಕು.

ಕೊಳ್ಳುವ ಮೊದಲು ಎರಡೂ ಅಳತೆಯದ್ದನ್ನು ಬಾಡಿಗೆಗೆ ತಗೊಂಡು ನೋಡಿ. ಜೂನ್‌ನಲ್ಲಿ ಬೇಡ, ನವೆಂಬರಿನಲ್ಲಿ. ಆಗ ಬಾಡಿಗೆಯೂ ಇಳಿದಿರುತ್ತದೆ. ಮೂರು ದಿನ ಬಿಡದೆ ಮಳೆ ಸುರಿದಾಗ ಇಬ್ಬರ ಒದ್ದೆ ಜಾಕೆಟ್ಟು, ನಾಲ್ಕು ಒದ್ದೆ ಬೂಟು ಎಲ್ಲಿ ಒಣಗಿಸುತ್ತೀರಿ ಅಂತ ನೋಡಿಕೊಂಡು ಆಮೇಲೆ ಅಳತೆ ಗೊತ್ತುಮಾಡಿ.