ನಿಮ್ಮ ವಾಕ್ಯದಲ್ಲಿ ಹೊಡೆದವನು ಎಲ್ಲಿ?

ನಮಸ್ಕಾರ.

ಹೆಂಡತಿಗೆ ಹೊಡೆಯುವ ಗಂಡನ ಕಥೆಯಿರುವ ಸಿನಿಮಾವೊಂದನ್ನು ನಲವತ್ತು ಜನರಿಗೆ ತೋರಿಸಿ, ಆಮೇಲೆ ಅವರನ್ನು ಮಾತಾಡಿಸಿದ ಬಗ್ಗೆ ನೀವು ಬರೆದ ಲೇಖನ ಓದಿದೆ. ಒಳ್ಳೆಯ ಕೆಲಸ ಮಾಡಿದ್ದೀರಿ. ಬರವಣಿಗೆ ಸರಾಗವಾಗಿದೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಎರಡು ದಿನದಿಂದ ಇದು ನನ್ನ ತಲೆ ಕೊರೆಯುತ್ತಿದೆ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ.

ಮೊದಲ ಪ್ಯಾರಾ ನೋಡಿ. ‘ಮದುವೆಯಾದ ಮೂರೇ ತಿಂಗಳಿಗೆ ಅವಳ ಮೇಲೆ ಹಲ್ಲೆ ನಡೆಯುತ್ತದೆ.’ ಹಲ್ಲೆ ತಾನಾಗಿ ನಡೆಯುತ್ತದಾ, ಮಳೆ ಬಂದ ಹಾಗೆ? ಮುಂದಿನ ಸಾಲು: ‘ಅಡುಗೆಮನೆಯಲ್ಲಿ ಅವಳಿಗೆ ಏಟು ಬೀಳುತ್ತದೆ.’ ಎತ್ತಿದ ಕೈ ಯಾರದು? ಆಮೇಲೆ: ‘ಹತ್ತು ವರ್ಷ ಅವಳು ಪೆಟ್ಟು ತಿನ್ನುತ್ತಾಳೆ.’ ಇದು ನನ್ನನ್ನು ತುಂಬಾ ಚುಚ್ಚಿತು. ನಾವೆಲ್ಲ ಮಾತಾಡುವುದೇ ಹೀಗೆ, ಗೊತ್ತು. ಆದರೂ ಗಮನಿಸಿ. ಹೊಡೆದವನು ಅವನು, ವಾಕ್ಯದಲ್ಲಿ ಏನೋ ಮಾಡಿದವಳು ಮಾತ್ರ ಅವಳು. ತಿಂದಳು, ಒಳಗಾದಳು, ತುತ್ತಾದಳು, ಬಲಿಯಾದಳು. ಪೆನ್ಸಿಲ್ ಹಿಡಿದು ಎಣಿಸಿದೆ. ಹೊಡೆತದ ಬಗ್ಗೆ ಹನ್ನೊಂದು ವಾಕ್ಯಗಳಿವೆ, ಒಂದರಲ್ಲೂ ಗಂಡ ಇಲ್ಲ. ಅವನು ಬರುವುದು ಒಂದೇ ಸಾಲಿನಲ್ಲಿ: ‘ಕೊನೆಗೆ ಅವನು ಪಶ್ಚಾತ್ತಾಪ ಪಡುತ್ತಾನೆ.’ ಹೊಡೆಯುವಾಗ ಕಾಣದವನು ಅಳುವಾಗ ಕಾಣಿಸಿಕೊಳ್ಳುತ್ತಾನೆ.

‘ಗಂಡ ಅವಳ ಕೆನ್ನೆಗೆ ಹೊಡೆಯುತ್ತಾನೆ’ ಅಂತ ಬರೆದು ನೋಡಿ. ಕೈ ತಡೆಯುತ್ತದೆ, ಅಲ್ವಾ? ತಡೆದರೂ ಬರೆಯಿರಿ.

ಅಂಕಿ ಅಂಶದಲ್ಲೂ ಇದೇ ಆಗಿದೆ. ‘ಮೂವರಲ್ಲಿ ಒಬ್ಬ ಮಹಿಳೆ ಹಿಂಸೆಗೆ ಒಳಗಾಗಿದ್ದಾಳೆ’ ಅಂದಿದ್ದೀರಿ. ಸಂಖ್ಯೆ ಸರಿ. ಅದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಅಂದಾಜು. ಅದನ್ನೇ ಹೀಗೆ ಬರೆಯಬಹುದಿತ್ತು: ಜಗತ್ತಿನ ಸುಮಾರು ಮೂವರಲ್ಲಿ ಒಬ್ಬ ಹೆಂಗಸಿನ ಮೇಲೆ ಅವಳ ಸಂಗಾತಿ ಕೈ ಮಾಡಿದ್ದಾನೆ ಇಲ್ಲವೇ ಲೈಂಗಿಕ ಹಿಂಸೆ ಮಾಡಿದ್ದಾನೆ, ಅಥವಾ ಬೇರೊಬ್ಬ ಲೈಂಗಿಕ ಹಿಂಸೆ ಮಾಡಿದ್ದಾನೆ. ವಾಕ್ಯ ಉದ್ದವಾಯಿತು, ಆಗಲಿ.

ವ್ಯಾಕರಣಕ್ಕೆ ಇಷ್ಟು ಯಾಕೆ ಜಗಳ ಅನ್ನಬೇಡಿ. ಸಿನಿಮಾ ಮುಗಿದ ಮೇಲೆ ನೀವು ಕೇಳಿದ ಮೊದಲ ಪ್ರಶ್ನೆ, ‘ಅವಳು ಯಾಕೆ ಮನೆ ಬಿಟ್ಟು ಹೋಗಲಿಲ್ಲ?’ ನಿಮ್ಮ ವಾಕ್ಯಗಳ ಹಾಗೆ ಪ್ರಶ್ನೆಯೂ ಅವನನ್ನು ಬಿಟ್ಟು ಅವಳನ್ನು ಹಿಡಿಯಿತು. ಬಿಟ್ಟು ಹೊರಡುವ ಹೊತ್ತೇ ಎಷ್ಟೋ ಹೆಂಗಸರಿಗೆ ಎಲ್ಲಕ್ಕಿಂತ ಅಪಾಯದ ಹೊತ್ತು. ಹೊರಟವಳನ್ನು ಬೆನ್ನಟ್ಟಿ ಕೊಂದವರಿದ್ದಾರೆ. ಅದನ್ನು ಬಲ್ಲ ಹೆಣ್ಣುಮಗಳೊಬ್ಬಳು ಆ ನಲವತ್ತು ಜನರಲ್ಲಿ ಕೂತಿದ್ದರೆ, ನಿಮ್ಮ ಪ್ರಶ್ನೆ ಅವಳಿಗೆ ಹೇಗೆ ಕೇಳಿಸಿರಬೇಕು? ‘ಅವನು ಮೊದಲ ಸಲ ಕೈ ಎತ್ತಿದಾಗ ಮನೆಯಲ್ಲಿ ಯಾರ್ಯಾರಿದ್ದರು? ಅವರು ಏನು ಮಾಡಿದರು?’ ಅಂತ ಕೇಳಬಹುದಿತ್ತು. ಬೇಕಿದ್ದರೆ ಆ ದೃಶ್ಯವನ್ನೇ ಮತ್ತೊಮ್ಮೆ ಹಾಕಿ ತೋರಿಸಬಹುದಿತ್ತು. ಸಿನಿಮಾದಿಂದ ಸಿಗುವ ಅನುಕೂಲವೇ ಅದು. ಯಾರೂ ತಮ್ಮ ಮನೆಯ ಕಥೆ ಹೇಳಬೇಕಿಲ್ಲ, ಪಾತ್ರದ ಹೆಸರು ಹಿಡಿದು ಮಾತಾಡಿದರೆ ಸಾಕು.

1944ರ ‘ಗ್ಯಾಸ್‌ಲೈಟ್’ ಸಿನಿಮಾದಲ್ಲಿ ಗಂಡ ತನ್ನ ಹೆಂಡತಿಗೆ ಅವಳ ತಲೆ ಕೆಟ್ಟಿದೆ ಅಂತ ನಂಬಿಸುತ್ತಾ ಹೋಗುತ್ತಾನೆ. ಮನೆಯ ದೀಪ ಮಂಕಾಗುವುದನ್ನು ಅವಳು ಕಣ್ಣಾರೆ ಕಂಡರೂ ಅವಳಿಗೆ ತನ್ನ ಮೇಲೇ ನಂಬಿಕೆ ಉಳಿದಿರುವುದಿಲ್ಲ. ಆ ಕಥೆಯಿಂದಲೇ ‘ಗ್ಯಾಸ್‌ಲೈಟ್ ಮಾಡುವುದು’ ಅನ್ನುವ ಮಾತು ಬಂತು. ಆ ಮಾತು ಆಡಿದ ಕೂಡಲೇ ‘ಯಾರು ಮಾಡಿದ್ದು?’ ಅಂತ ಕೇಳಲೇಬೇಕಾಗುತ್ತದೆ. ನನಗೆ ಅದು ಇಷ್ಟವಾಗುವುದೇ ಅದಕ್ಕೆ.

ಇನ್ನೊಂದು ತಕರಾರಿದೆ. ಸಿನಿಮಾದ ಕಥೆಗೆ ಮೂರು ಪುಟ ಕೊಟ್ಟಿದ್ದೀರಿ. ಜನ ಆಡಿದ ಮಾತಿಗೆ ಒಂದು ಸಾಲು: ‘ನಂತರ ಅರ್ಥಪೂರ್ಣ ಚರ್ಚೆ ನಡೆಯಿತು.’ ಮತ್ತೆ ‘ನಡೆಯಿತು’!

ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ನಾನೂ ಇಂಥದ್ದೇ ಒಂದು ಪ್ರದರ್ಶನದ ವರದಿಗೆ ಹೋಗಿದ್ದೆ. ಸಿನಿಮಾ ಮುಗಿದು ದೀಪ ಹಾಕಿದ ಮೇಲೂ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನ ಒಬ್ಬರು ಹೆಂಗಸು, ‘ಬಾಗಿಲಲ್ಲಿ ಕೀ ತಿರುಗಿಸೋ ಸದ್ದು ಬಂತಲ್ಲ, ಅವಾಗ್ಲೇ ನಂಗೆ ಗೊತ್ತಾಯ್ತು’ ಅಂದರು. ಅಷ್ಟೇ. ನಡೆಸುತ್ತಿದ್ದವರು ಅವರನ್ನು ಕೆದಕಲಿಲ್ಲ. ‘ಅವನು ಒಳಗೆ ಬಂದ ರೀತಿಯಲ್ಲಿ ಇನ್ನೇನು ಕಂಡಿತು?’ ಅಂತ ಎಲ್ಲರನ್ನೂ ಕೇಳಿದರು. ಅಲ್ಲಿಂದ ಒಂದು ಗಂಟೆ ಮಾತು ನಿಲ್ಲಲಿಲ್ಲ. ನಾನು ಅದನ್ನೆಲ್ಲ ಬಿಟ್ಟು ‘ನೆರೆದಿದ್ದ ಮಹಿಳೆಯರ ಕಣ್ಣಾಲಿಗಳು ತುಂಬಿಬಂದವು’ ಅಂತ ಬರೆದು ಕೊಟ್ಟೆ. ನಮ್ಮ ಹಿರಿಯ ಸಂಪಾದಕರು ಓದಿ, ‘ಯಾರು ಏನಂದರು?’ ಅಂದರು. ಕೀ ಸದ್ದಿನ ಮಾತು ಹೇಳಿದೆ. ಅವರು ಹಾಳೆ ನನ್ನ ಕಡೆ ತಿರುಗಿಸಿ, ‘ಅದು ಇದರಲ್ಲಿ ಎಲ್ಲಿದೆ, ತೋರಿಸು’ ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಅವತ್ತು ರಾತ್ರಿ ಕೂತು ಪೂರ್ತಿ ಮತ್ತೆ ಬರೆದೆ. ಆ ಹೆಂಗಸಿನ ಗುರುತು ಸಿಗದ ಹಾಗೆ ಬರೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ನಿಮ್ಮ ಕೊನೆಯ ಪುಟದಲ್ಲಿ ಅರ್ಧ ಸಾಲು ಇದೆ: ‘ಒಬ್ಬ ಹುಡುಗ ಮಧ್ಯದಲ್ಲೇ ಎದ್ದು ಹೋದ.’ ಯಾವ ದೃಶ್ಯಕ್ಕೆ ಎದ್ದ? ಬಾಗಿಲ ಹತ್ತಿರ ನಿಂತನಾ, ಹೊರಟೇ ಹೋದನಾ? ಯಾರಾದರೂ ಹಿಂದೆ ಹೋಗಿ ಮಾತಾಡಿಸಿದಿರಾ?

ಕಥೆಯನ್ನು ಆರು ಸಾಲಿಗೆ ಇಳಿಸಿ, ಆ ಹುಡುಗನಿಂದ ಶುರು ಮಾಡಿ ಬರೆಯಿರಿ. ಹೆಸರು, ಗುರುತು ಬೇಡ. ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ದಿನ ನವೆಂಬರ್ 25. ಅದರ ಸಂಚಿಕೆಯಲ್ಲಿ ನಿಮಗೆ ನಾಲ್ಕು ಪುಟ ಇಟ್ಟಿರುತ್ತೇನೆ.