ಕಲ್ಲು ಕಪ್ಪು, ಗೆರೆ ಕೆಂಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸಂಡೂರಿಗೆ ಹೋಗಿದ್ದಾಗ ರಸ್ತೆ ಪಕ್ಕ ಒಂದು ಕಲ್ಲು ಸಿಕ್ತು ಸಾರ್. ಕಪ್ಪಗೆ ಸ್ಟೀಲ್ ತರ ಹೊಳೆಯುತ್ತೆ, ಸೈಜ್ ಚಿಕ್ಕದಾದ್ರೂ ತುಂಬಾ ಭಾರ, ಆದ್ರೆ ಮ್ಯಾಗ್ನೆಟ್ ಇಟ್ರೆ ಅಂಟಲ್ಲ. ಇದು ಕಬ್ಬಿಣದ ಅದಿರೇನಾ?
(ಹರಿಹರದ ಓದುಗರು)

ಉತ್ತರ: ಮ್ಯಾಗ್ನೆಟ್ ಅಂಟಲಿಲ್ಲ ಅಂತ ಎಸೆದುಬಿಡಬೇಡಿ. ಸಂಡೂರು ಬೆಟ್ಟಗಳಲ್ಲಿ ಅಗೆಯೋ ಕಬ್ಬಿಣದ ಅದಿರು ಮುಖ್ಯವಾಗಿ ಹೆಮಟೈಟ್, ಅದಕ್ಕೆ ಮಾಮೂಲಿ ಮ್ಯಾಗ್ನೆಟ್ ಹಿಡಿಯೋದೇ ಇಲ್ಲ ಅನ್ನೋಷ್ಟು ಕಮ್ಮಿ. ಮನೇಲೇ ಒಂದು ಟೆಸ್ಟ್ ಮಾಡಿ. ಟೈಲ್ಸ್ ಹಿಂದುಗಡೆ ಪಾಲಿಶ್ ಇಲ್ಲದ ಬಿಳಿ ಭಾಗ ಇರುತ್ತಲ್ಲ, ಅದರ ಮೇಲೆ ಕಲ್ಲಿನ ಮೂಲೆಯಿಂದ ಒತ್ತಿ ಒಂದು ಗೆರೆ ಎಳೀರಿ, ಕೆಂಪು ಅಥವಾ ಕೆಂಪು ಮಿಶ್ರಿತ ಕಂದು ಗೆರೆ ಬಿತ್ತು ಅಂದ್ರೆ ಹೆಮಟೈಟ್ ಅಂತ ಧೈರ್ಯವಾಗಿ ಹೇಳಬಹುದು. ಕಲ್ಲು ಮೇಲ್ಗಡೆ ಕಪ್ಪಿರಲಿ, ಬೂದು ಇರಲಿ, ಇಟ್ಟಿಗೆ ಬಣ್ಣ ಇರಲಿ, ಪುಡಿ ಮಾತ್ರ ಕೆಂಪೇ. ಗೆರೆ ಕಪ್ಪಗೆ ಬಿದ್ದು ಕೈಗೂ ಮಸಿ ಹತ್ತಿದ್ರೆ ಅದು ಮ್ಯಾಂಗನೀಸ್ ಅದಿರು ಇರಬಹುದು, ಅದೂ ಸಂಡೂರಲ್ಲಿ ಸಿಗುತ್ತೆ, ನೋಡೋಕೆ ಬೇರೆಯವರು ಮೋಸ ಹೋಗೋಷ್ಟು ಒಂದೇ ತರ ಇರುತ್ತೆ.

ಭಾರದ ವಿಷಯ ನೀವು ಗಮನಿಸಿದ್ದು ತುಂಬಾ ಸರಿ. ಗ್ರಾನೈಟ್ ಅದೇ ಸೈಜಿನ ನೀರಿಗಿಂತ ಸುಮಾರು 2.7 ಪಟ್ಟು ಭಾರ, ಶುದ್ಧ ಹೆಮಟೈಟ್ 5 ಪಟ್ಟಿಗಿಂತ ಜಾಸ್ತಿ. ಅದರ ತೂಕದಲ್ಲಿ ಸುಮಾರು 70% ಕಬ್ಬಿಣ, ಉಳಿದದ್ದು ಆಕ್ಸಿಜನ್. ಈ ಆಕ್ಸಿಜನ್ ಬಿಡಿಸೋದೇ ಸ್ಟೀಲ್ ಫ್ಯಾಕ್ಟರಿಯ ದೊಡ್ಡ ಕೆಲಸ. ಬ್ಲಾಸ್ಟ್ ಫರ್ನೇಸ್ ಅನ್ನೋ ದೊಡ್ಡ ಕುಲುಮೆಯಲ್ಲಿ ಕೋಕ್ (ಗಾಳಿ ಇಲ್ಲದೆ ಕಾಯಿಸಿ ತಯಾರಿಸಿದ ಕಲ್ಲಿದ್ದಲು) ಉರಿದು ಬರೋ ಕಾರ್ಬನ್ ಮಾನಾಕ್ಸೈಡ್ ಗ್ಯಾಸು ಅದಿರಿನ ಆಕ್ಸಿಜನ್ ಎಳ್ಕೊಳ್ಳುತ್ತೆ, ಜೊತೆಗೆ ಹಾಕೋ ಸುಣ್ಣದಕಲ್ಲು ಮಣ್ಣು-ಮರಳಿನ ಅಂಶನ ಕರಗಿಸಿ ಮೇಲಕ್ಕೆ ತೇಲಿಸುತ್ತೆ, ಕೆಳಗೆ ಕರಗಿದ ಕಬ್ಬಿಣ ನಿಲ್ಲುತ್ತೆ. ಇನ್ನು ಗೇಟು, ಗ್ರಿಲ್‌ಗೆ ಬಳಿಯೋ ರೆಡ್ ಆಕ್ಸೈಡ್, ಹಳೇ ಮನೆಗಳ ಕೆಂಪು ನೆಲ, ಇವೆಲ್ಲದರ ಬಣ್ಣವೂ ಇದೇ ವಸ್ತುವಿಂದು, ಈಗ ಅಂಗಡೀಲಿ ಸಿಗೋದು ಬಹಳಷ್ಟು ಫ್ಯಾಕ್ಟರೀಲಿ ತಯಾರಾದದ್ದು ಅಷ್ಟೇ.

ಪ್ರಶ್ನೆ: ಕುದುರೆಮುಖದಲ್ಲಿ ಸಿಗ್ತಿದ್ದದ್ದೂ ಇದೇ ಅದಿರಾ?
(ಮೂಡುಬಿದಿರೆಯ ಓದುಗರು)

ಉತ್ತರ: ಅಲ್ಲ, ಅಲ್ಲಿ ಮುಖ್ಯವಾಗಿ ಮ್ಯಾಗ್ನೆಟೈಟ್ ಅನ್ನೋ ಇನ್ನೊಂದು ತರದ ಕಬ್ಬಿಣದ ಅದಿರು. ಇದರ ಗೆರೆ ಕಪ್ಪು, ಮ್ಯಾಗ್ನೆಟ್ಟಿಗೆ ಪಟ್ ಅಂತ ಅಂಟುತ್ತೆ. ಶುದ್ಧ ಖನಿಜದಲ್ಲಿ 72% ಕಬ್ಬಿಣ ಇದ್ರೂ ಕುದುರೆಮುಖದ ಕಲ್ಲಲ್ಲಿ ಅದು ಬೇರೆ ಖನಿಜಗಳ ಜೊತೆ ಬೆರೆತು ಗ್ರೇಡ್, ಅಂದ್ರೆ ಕಬ್ಬಿಣದ ಪಾಲು, ತುಂಬಾ ಕಮ್ಮಿ ಇತ್ತು, ಅದಕ್ಕೇ ನುಣ್ಣಗೆ ಅರೆದು, ಮ್ಯಾಗ್ನೆಟ್ಟಿಂದ ಬೇರ್ಪಡಿಸಿ, ನೀರಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿದ್ರು. ಹಾಗೆ ಅರೆದ ಮೇಲೆ ಉಳಿಯೋ ಕೆಸರು ಲಕ್ಯಾ ಡ್ಯಾಮಲ್ಲಿ ತುಂಬಿಕೊಳ್ತು. ಅದಿರು ಒಳ್ಳೇದೇ, ಆದ್ರೆ ಭದ್ರಾ ಹುಟ್ಟೋ ಕಾಡಲ್ಲಿ ಅದನ್ನ ಅಗೆದದ್ದು ದುಬಾರಿಯಾಯ್ತು ಅಂತ ನಾನಂತೂ ನಂಬ್ತೀನಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು.

ಪ್ರಶ್ನೆ: ಹೆಮಟೈಟ್ ಬ್ರೇಸ್‌ಲೆಟ್ ಹಾಕಿದ್ರೆ ರಕ್ತ ಹೆಚ್ಚಾಗುತ್ತೆ ಅಂತ ನಮ್ಮತ್ತಿಗೆಗೆ ಯಾರೋ ಹೇಳಿದಾರೆ, ಅವರಿಗೆ ಹಿಮೋಗ್ಲೋಬಿನ್ ಕಮ್ಮಿ ಇದೆ. ತಗೋಬಹುದಾ?
(ತುಮಕೂರಿನ ಓದುಗರು)

ಉತ್ತರ: ಚೆಂದಕ್ಕೆ ಹಾಕೊಳ್ಳಿ, ರಕ್ತಕ್ಕೆ ಅಂತ ಬೇಡ. ಕಲ್ಲೊಳಗಿನ ಕಬ್ಬಿಣ ಚರ್ಮದ ಮೂಲಕ ಮೈಗೆ ಸೇರಲ್ಲ. ಮತ್ತೆ ಒಂದಕ್ಕೊಂದು ಜೋರಾಗಿ ಅಂಟೋ ಮಣಿಗಳನ್ನ ಹೆಮಟೈಟ್ ಅಂತ ಮಾರ್ತಾರೆ, ಅವು ಸಾಮಾನ್ಯವಾಗಿ ಫ್ಯಾಕ್ಟರೀಲಿ ಮಾಡಿದ ಫೆರೈಟ್ ಮ್ಯಾಗ್ನೆಟ್. ಅತ್ತಿಗೆಯವರನ್ನ ತಡ ಮಾಡದೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಯಾಕೆ ಕಮ್ಮಿ ಆಗಿದೆ ಅಂತ ಮೊದಲು ಗೊತ್ತಾಗಲಿ. ಐರನ್ ಮಾತ್ರೆ ಬರೆದುಕೊಟ್ರೆ ಅದನ್ನ ಕಾಫಿ, ಟೀ ಜೊತೆ ನುಂಗೋದು ಬೇಡ, ಅವು ಐರನ್ ಮೈಗೆ ಹತ್ತೋದನ್ನ ಕಮ್ಮಿ ಮಾಡ್ತವೆ.